ಅರ್ಧ ತಾಸು ಮುಂದಿನ ಗಡಿಯಾರ

ಮುದಗಲ್ಲಿನ ಭುವನೇಶ್ವರಿಗೆ ಹೊತ್ತು ಹಾಳುಮಾಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬಿ.ಕಾಂ. ಕೊನೆಯ ವರ್ಷ ಶುರುವಾದಂದೇ ಅವಳು ಮೊಬೈಲನ್ನು ಅಪ್ಪನಿಗೆ ಕೊಟ್ಟು, ಗೋಡೆಯ ಗಡಿಯಾರವನ್ನು ಅರ್ಧ ತಾಸು ಮುಂದಿಟ್ಟಿದ್ದಳು. ಮೊದಮೊದಲು ಅದನ್ನು ನೋಡಿ ಗಾಬರಿಯಾಗಿ ಓದಲು ಕೂರುತ್ತಿದ್ದಳು. ಬರಬರುತ್ತ ಮನಸ್ಸು ತಾನಾಗಿಯೇ ಅರ್ಧ ತಾಸು ಕಳೆಯುವುದನ್ನು ಕಲಿತುಬಿಟ್ಟಿತು.

ಪರೀಕ್ಷೆಯ ದಿನ ಗಡಿಯಾರದಲ್ಲಿ ಎಂಟಾಗಲು ಹತ್ತು ನಿಮಿಷವಿತ್ತು. ಅಂದರೆ ನಿಜಕ್ಕೂ ಏಳೂ ಇಪ್ಪತ್ತು. ಲಿಂಗಸುಗೂರಿನ ಬಸ್ಸು ಎಂಟಕ್ಕೆ. ಅದು ತಪ್ಪಿದರೆ ಪರೀಕ್ಷೆಯೂ ತಪ್ಪಿದಂತೆಯೇ. ಅವಳು ಟಿಪ್ಪಣಿ ತಿರುವುತ್ತ ಕೂತಳು. ಯಾಕೋ ಓಣಿ ಬಿಕೋ ಎನ್ನುತ್ತಿತ್ತು. ದಿನಾ ಅದೇ ಬಸ್ಸಿಗೆ ಹೋಗುವ ಪಕ್ಕದ ಮನೆಯ ಮಹೆಕ್‌ಳ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಬೇರೆ ಊರಿನ ಬಸ್ಸಿರಬೇಕು ಎಂದುಕೊಂಡಳು.

ಹಿತ್ತಲಿನಿಂದ ಬಂದ ಅವ್ವ ಕಸ್ತೂರೆಮ್ಮ ಬೆಚ್ಚಿದಳು. "ಇನ್ನೂ ಇಲ್ಲೇ ಕುಂತೀಯೇನವ್ವ? ಎಂಟಾಗಿ ಹೋತಲ್ಲ!"

"ಇನ್ನ ಟೈಮ್ ಐತಿ ಬಿಡಬೇ ಯವ್ವಾ. ಆ ಗಡಿಯಾರ ಮುಂದ ಐತಿ."

"ಎಲ್ಲಿ ಮುಂದ? ಪರೀಕ್ಷಾದ ದಿನಾನೂ ತಪ್ಪು ಟೈಮ್ ನೋಡಿ ನೀ ಗಾಬರಿ ಆಗಬಾರದಂತ, ನಿನ್ನೆ ಸಂಜಿಮುಂದ ನಾನ ಸರಿ ಮಾಡೀನಿ."

ಭುವನೇಶ್ವರಿ ತಲೆಯೆತ್ತಿ ನೋಡಿದಳು. ಎಂಟೂ ಹತ್ತು.