ಮುಚ್ಚಳದ ಮೇಲಿನ ಟೇಪು

ಬೀದಿಯವರ ಬಾಯಲ್ಲಿ ಅವಳು ಹೊಸ ಫ್ಲೆಕ್ಸಮ್ಮ. ಬಂದು ನಾಲ್ಕು ವರ್ಷವಾದರೂ ಹೊಸಬಳೇ. ಅವಳು ಬಂದ ವರ್ಷ ಷಟರಿಗೆ ಬಳಿಸಿದ ಬಣ್ಣ ಈಗ ಹಕ್ಕಳೆ ಎದ್ದು ಉದುರುತ್ತಿತ್ತು. ಅವಳ ಜೊತೆಗೇ ಅಂಗಡಿಗೆ ಬಂದ ಕುರ್ಚಿ ಒಂದು ಕಾಲು ಕಳೆದುಕೊಂಡು ಮೂಲೆ ಸೇರಿತ್ತು. ಅವಳ ಹೆಸರಿಗೆ ಅಂಟಿದ್ದ 'ಹೊಸ' ಮಾತ್ರ ಸವೆದಿರಲಿಲ್ಲ. ಬರೀ ಫ್ಲೆಕ್ಸಮ್ಮ ಎಂದರೆ ಇವತ್ತಿಗೂ ತೀರಿಹೋದ ಮೊದಲಿನವಳೇ. ಬ್ಯಾನರು, ಬೋರ್ಡು ಮುದ್ರಿಸುವ ಆ ಅಂಗಡಿಯನ್ನು ಕಟ್ಟಿದವಳು, ಈ ಗೋಡೆಯಿಂದ ಆ ಗೋಡೆಗೆ ಚಾಚಿಕೊಂಡ ಮಷೀನನ್ನು ತಂದು ಕೂರಿಸಿ ಅದರ ಮನಸ್ಸು ತಿಳಿದುಕೊಂಡವಳು ಆಕೆ.

ಹೊಸಬಳು ಈ ಅಂಗಡಿಗೆ ಬರುವ ಮುಂಚೆ ಊರಿನ ಇನ್ನೊಂದು ತುದಿಯ ಪ್ರೆಸ್ಸಿನಲ್ಲಿ ಬ್ಯಾನರುಗಳ ಅಂಚು ಮಡಿಸಿ ಅಂಟಿಸುತ್ತಿದ್ದಳು, ಮೂಲೆಗಳಿಗೆ ಲೋಹದ ರಿಂಗು ಒತ್ತುತ್ತಿದ್ದಳು. ಮದುವೆಯ ಮಾತು ತನ್ನ ಬಾಗಿಲು ದಾಟಿ ಮುಂದೆ ಹೋಯಿತೆಂದು ನಂಬಿ, ಅದರಲ್ಲೇ ನೆಮ್ಮದಿ ಕಂಡಿದ್ದವಳು. ಅಲ್ಲಿಗೆ ಬ್ಯಾನರು ಹೊತ್ತು ತರುತ್ತಿದ್ದ ಫ್ಲೆಕ್ಸಮ್ಮನ ಗಂಡ, ಹೆಂಡತಿ ತೀರಿಕೊಂಡ ಮೇಲೆ, ಒಂದು ದಿನ ಬೆವರೊರೆಸಿಕೊಳ್ಳುತ್ತ, "ಮನೆಗೂ ಒಬ್ರು ಬೇಕು, ಮಷೀನಿಗೂ ಒಬ್ರು ಬೇಕು" ಎಂದ.

"ಮೊದ್ಲು ಯಾವುದಕ್ಕೆ?"

ಸುಳ್ಳು ಹೇಳಲು ಬಾರದ ಮನುಷ್ಯ. ಸ್ವಲ್ಪ ಯೋಚಿಸಿ, "ಮಷೀನಿಗೆ" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಒಪ್ಪಿಗೆಯಾಯಿತು.

ಮದುವೆಯಾದ ವಾರದಲ್ಲೇ ಪಕ್ಕದ ಜೆರಾಕ್ಸ್ ಅಂಗಡಿಯವನು ಅವಳ ಕಿವಿಗೆ ಬೀಳುವಂತೆ, "ಪಾರ್ಟ್ ಚೇಂಜ್ ಆಯ್ತು, ಮಷೀನ್ ಮತ್ತೆ ಓಡ್ತಾ ಇದೆ" ಎಂದಿದ್ದ. ಅವಳು ಕೇಳಿಸದವಳಂತೆ ಕತ್ತರಿ ಹುಡುಕಿದಳು. ಕತ್ತರಿ ಕೈಯಲ್ಲೇ ಇತ್ತು.

ಮನೆಯಲ್ಲಿ ಆಗ ಮೊದಲಿನವಳ ಹದಿನೇಳು ದಾಟಿದ ಮಗಳಿದ್ದಳು. ಹುಡುಗಿ ಜಗಳವಾಡಲಿಲ್ಲ, ಮುಖ ಸಿಂಡರಿಸಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಒಣಗಿದ ಬಟ್ಟೆ ಮಡಿಸಿಡುತ್ತಿದ್ದಳು. ಆದರೆ ಹೊಸಬಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಕೌಂಟರಿಗೆ ಬಂದ ಗಿರಾಕಿಯಂತೆ "ಇಲ್ನೋಡಿ" ಎನ್ನುತ್ತಿದ್ದಳು. ಅಷ್ಟೇ.

ಅದಕ್ಕೇ ಇರಬೇಕು, ಮೊದಲಿನವಳು ಹೊಡೆದ ಒಂದು ಮೊಳೆಯನ್ನೂ ಹೊಸಬಳು ಕೀಳಲಿಲ್ಲ. ಕತ್ತರಿ ನೇತುಹಾಕುವ ಜಾಗ, ಇಂಕಿನ ಬಾಟಲಿಗಳ ಸಾಲು, ಎಲ್ಲ ಇದ್ದಂತೆಯೇ. ಮಷೀನಿನ ಮುಚ್ಚಳದ ಒಳಬದಿಗೆ ಬಿಳಿ ಟೇಪಿನ ತುಂಡೊಂದು ಅಂಟಿಸಿತ್ತು, ಅದರ ಮೇಲೆ ಮೊದಲಿನವಳ ದುಂಡು ಕೈಬರಹದಲ್ಲಿ ಒಂದು ನಂಬರು. ಅದು ಹೆಡ್ಡಿನ ನಂಬರು. ಮಷೀನಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಬಣ್ಣ ಚಿಮುಕಿಸುವ, ಅಂಗೈಯಲ್ಲಿ ಹಿಡಿಸುವಂಥ ವಸ್ತು ಹೆಡ್ಡು. ಒಂದೇ ಮಾಡೆಲ್ಲಿನ ಹೆಡ್ಡುಗಳು ಅವಳಿ ಮಕ್ಕಳ ಹಾಗೆ. ಒಂದನ್ನು ಬಿಚ್ಚಿ ಇನ್ನೊಂದನ್ನು ಇಟ್ಟರೆ ಅದೇ ಜಾಗದಲ್ಲಿ ಕೂರುತ್ತದೆ, ಅದೇ ಕೇಬಲ್ಲು ಹೊಂದುತ್ತದೆ. ಆದರೆ ಯಾವ ಹೆಡ್ಡಿಗೆ ಎಷ್ಟು ವೋಲ್ಟೇಜು ಎಂಬುದು ಬೇರೆ ಬೇರೆ, ಅದನ್ನು ಅದರ ಮೈಮೇಲೇ ಬರೆದಿರುತ್ತಾರೆ. ಕಂಪ್ಯೂಟರಿಗೆ ಆ ನಂಬರು ತಿಳಿಸಬೇಕು. ಕಮ್ಮಿ ಕೊಟ್ಟರೆ ಹೆಡ್ಡು ತೊದಲುತ್ತದೆ, ಹೆಚ್ಚು ಕೊಟ್ಟರೆ ಉಗುಳುತ್ತದೆ.

ಆಗ ಮಷೀನಿನಲ್ಲಿದ್ದದ್ದು ಮೊದಲಿನವಳು ಕೂರಿಸಿದ ಕೊನೆಯ ಹೆಡ್ಡು. ಅದನ್ನು ಹೊಸಬಳು ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡಳು. ಅಂಗಡಿ ಮುಚ್ಚುವ ಮುಂಚೆ ಅದರ ತಳ ಒರೆಸಿ, ಒಣಗದಂತೆ ತೇವದ ಮೇಲೆ ಇಳಿಸಿ, ಆಮೇಲೇ ದೀಪ ಆರಿಸುತ್ತಿದ್ದಳು. ಎರಡು ವರ್ಷ ಬಾಳಿದರೆ ಹೆಚ್ಚು ಎನ್ನುವ ಹೆಡ್ಡು ಐದು ವರ್ಷ ದಾಟಿತ್ತು.

ಹುಡುಗಿ ಹೊಲಿಗೆ ಕಲಿತಳು, ಹಿಂದಿನ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ ಹಿಡಿದಳು. ತೆರೆಯಲು ಒಂದು ದಿನ ಉಳಿದಿರುವಾಗ ಒಂದು ಫೋಟೋ ತಂದು ಕೌಂಟರಿನ ಮೇಲಿಟ್ಟಳು. ಮಷೀನಿಗೆ ಒರಗಿ ನಿಂತು ಅವಳಮ್ಮ ಬಾಯಿ ತುಂಬ ನಗುತ್ತಿದ್ದಳು. ಎಡಗೆನ್ನೆಯ ಮೇಲೆ ನೀಲಿ ಇಂಕಿನ ಕಲೆ, ಹೆಬ್ಬೆಟ್ಟೊತ್ತಿದಂತೆ.

"ಇಲ್ನೋಡಿ, ಬೋರ್ಡಿಗೆ ಅಮ್ಮನ ಮುಖ ಬೇಕು, ದೊಡ್ಡದಾಗಿ. ಕೆನ್ನೆ ಮೇಲಿನ ಇಂಕು ಅಳಿಸ್ಬೇಡಿ."

ನಾಲ್ಕು ವರ್ಷದಲ್ಲಿ ಹುಡುಗಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು. ಹೊಸಬಳು ಕೈತೊಳೆದುಕೊಂಡು ಬಂದು ಫೋಟೋ ಎತ್ತಿಕೊಂಡಳು. ಇದೊಂದು ಕೆಟ್ಟರೆ ಹುಡುಗಿ ಇನ್ನೆಂದೂ ಏನನ್ನೂ ಕೇಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಮುಖ ಇಳಿಯಲು ಶುರುವಾದಷ್ಟರಲ್ಲೇ ಹಣೆಗೆ ಅಡ್ಡವಾಗಿ ಬಿಳಿ ಗೆರೆಗಳು ಬಂದವು. ತೊಳೆದಳು, ಕಾದಳು, ಮತ್ತೆ ಓಡಿಸಿದಳು. ಗೆರೆಗಳು ಹೆಚ್ಚಾದವು. ಕೊನೆಗೆ ರಿಪೇರಿಯವನಿಗೆ ಫೋನು ಮಾಡಿದಳು. ಕಟ್ಟಿಕೊಂಡ ಹೆಡ್ಡುಗಳಿಗೆ ಸಿರಿಂಜಿನಲ್ಲಿ ಔಷಧಿ ಏರಿಸುವ ಅವನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು.

ಡಾಕ್ಟ್ರು ಹೆಡ್ಡನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. "ಇದು ಹೋಗಿ ಎಷ್ಟೋ ದಿನ ಆಗ್ಬೇಕಿತ್ತಕ್ಕ. ನೀವು ಬಿಟ್ಟಿಲ್ಲ, ಅದೂ ದಾಕ್ಷಿಣ್ಯಕ್ಕೆ ಬದುಕಿದೆ."

ಅವನು ತಂದ ಹೊಸ ಹೆಡ್ಡಿನ ಡಬ್ಬಿಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. "ನೀರಿನ ಇಂಕಿಂದು ಅಲ್ಲ ತಾನೆ? ನಮ್ಮ ಇಂಕಿಗೆ ಅದ್ರ ಒಳಗಿನ ಅಂಟೆಲ್ಲ ಕರಗಿಹೋಗತ್ತೆ."

"ಅಯ್ಯೋ, ನಿಮ್ಗೆ ಟೋಪಿ ಹಾಕಿ ನಾನು ಈ ಬೀದೀಲಿ ಓಡಾಡೋಕಾಗತ್ತಾ? ನಿಮ್ಮ ಸಾಲ್ವೆಂಟ್ ಇಂಕಿಂದೇ. ಅದೇ ಮಾಡೆಲ್ಲು." ಕೂರಿಸಿ, ಕೇಬಲ್ಲು ಸಿಕ್ಕಿಸಿ, ಚೀಲ ಹೆಗಲಿಗೇರಿಸಿದ. "ನಂಬರು ನೀವೇ ಹಾಕ್ಕೊಳ್ಳಿ. ನಿಮ್ಗೇನು ಹೇಳ್ಕೊಡೋದು?"

ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಹಳೆಯ ನಂಬರು ಕಾಣುತ್ತಿತ್ತು, ತೆರೆದ ಮುಚ್ಚಳದ ಟೇಪಿನ ಮೇಲೆ ಅದೇ ನಂಬರು ದುಂಡು ಅಕ್ಷರದಲ್ಲಿತ್ತು. ಹೊಸ ಹೆಡ್ಡಿನದು ಅದಕ್ಕಿಂತ ಕಮ್ಮಿ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ. ಮೊದಲಿನವಳು ಈ ಮಷೀನಿಗೆ ಹೇಳಿಹೋದ ಕೊನೆಯ ಮಾತಿನಂತಿತ್ತು ಅದು. ಅದನ್ನು ಅಳಿಸಿ ತನ್ನ ಮಾತು ಹೇಳಲು ತಾನು ಯಾರು? ಅದೂ ಆಕೆಯ ಮುಖವನ್ನೇ ಇಳಿಸಬೇಕಾದ ದಿನ? ಇರಲಿ, ಒಂಚೂರು ವ್ಯತ್ಯಾಸ ತಾನೆ, ಎಂದುಕೊಂಡು ಹಳೆಯ ನಂಬರಿನಲ್ಲೇ ಮಷೀನು ಓಡಿಸಿದಳು.

ಹುಡುಗಿ ಬರುವ ಹೊತ್ತಿಗೆ ಅಚ್ಚಾದ ವಿನೈಲು ಹಾಳೆ ಮೇಜಿನ ಮೇಲೆ ಹಾಸಿತ್ತು. ಹುಡುಗಿ ನೋಡಿದಳು. ಮುಖವಿತ್ತು, ನಗುವೂ ಇತ್ತು. ಆದರೆ ಎಲ್ಲದರ ಅಂಚಿಗೂ ಧೂಳು ಹಿಡಿದಂತಿತ್ತು. ಬಿಸಿ ಪಾತ್ರೆಯ ಹಬೆಯ ಆಚೆ ಯಾರೋ ನಿಂತ ಹಾಗೆ. ಕೆನ್ನೆಯ ನೀಲಿ ಕಲೆ ಹರಡಿ, ಏಟು ಬಿದ್ದು ಕಂದಿದಂತಾಗಿತ್ತು.

"ಅಮ್ಮನಿಗೆ ಯಾರೋ ಹೊಡೆದ ಹಾಗಿದೆ" ಎಂದಳು ಹುಡುಗಿ ಮೆಲ್ಲಗೆ. "ಬಿಡಿ. ನಾನು ಬೇರೆ ಕಡೆ ಹಾಕಿಸ್ಕೋತೀನಿ."

ಫೋಟೋ ತೆಗೆದುಕೊಂಡು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಈ ಇಂಕಿನ ವಾಸನೆಯಲ್ಲೇ ಓದು ಬರಹ ಕಲಿತ ಹುಡುಗಿ. ತಿರುಗಿ ಬಂದು ವಿನೈಲಿನ ಮೇಲೆ ಬಗ್ಗಿದಳು.

"ಇದು ಉಗುಳಿದೆ. ಹೆಡ್ಡು ಬದಲಾಯಿಸಿದ್ರಾ?"

"ಹೂಂ."

"ನಂಬರು?"

ಹೊಸಬಳು ಮುಂಗೈಗೆ ಅಂಟಿದ ಇಂಕನ್ನು ಉಜ್ಜತೊಡಗಿದಳು. ಅದು ಹೋಗುವ ಇಂಕಲ್ಲ.

"ನಿಮ್ಗೆ ಗೊತ್ತಿಲ್ದೆ ಇರೋ ವಿಷಯಾನಾ ಇದು? ಬಂದ ಗಿರಾಕಿಗೆಲ್ಲ ಪಾಠ ಮಾಡ್ತೀರಿ!"

"ಗೊತ್ತು." ಅವಳು ಮುಚ್ಚಳದ ಕಡೆ ನೋಡಿದಳು. "ನಿಮ್ಮಮ್ಮ ಬರೆದಿದ್ದು, ಅಳಿಸೋಕೆ ಕೈ ಬರ್ಲಿಲ್ಲ. ಈ ಅಂಗಡೀಲಿ ಆಕೆ ಇಟ್ಟಿದ್ದನ್ನ ನಾನು ಯಾವುದನ್ನೂ... ನಿನಗೆ ಬೇಜಾರಾಗತ್ತೆ ಅಂತ."

ಹುಡುಗಿ ಅವಳನ್ನೇ ನೋಡಿದಳು. ಆಮೇಲೆ ಮುಚ್ಚಳದ ಹತ್ತಿರ ಹೋಗಿ ಟೇಪಿನ ಮೇಲೆ ಬೆರಳಾಡಿಸಿದಳು.

"ಈ ಟೇಪು ಯಾಕಿಷ್ಟು ದಪ್ಪ ಇದೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ರಾ?"

ದಿನವೂ ಒರೆಸುತ್ತಿದ್ದಳು. ಯೋಚಿಸಿರಲಿಲ್ಲ.

"ಒಂದರ ಮೇಲೊಂದು ಅಂಟಿಸಿದ್ದು. ಹೆಡ್ಡು ಬದಲಾದಾಗೆಲ್ಲ ಹೊಸ ಟೇಪು. ಹಳೇದನ್ನ ಕಿತ್ತು ಹಾಕೇ ಅಂದ್ರೆ, ಹೋಗೇ, ಯಾರಿಗಿದೆ ಪುರಸೊತ್ತು ಅಂತಿದ್ಲು. ಮಹಾ ಸೋಮಾರಿ." ಹುಡುಗಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೂ ತುಂಬಿತು. "ಹೊಸ ಹೆಡ್ಡಿಗೆ ಹಳೇ ನಂಬರು ಕೊಟ್ಟಿದೀರಿ ಅಂತ ಗೊತ್ತಾಗಿದ್ರೆ ನಿಮ್ಮ ಗ್ರಹಚಾರ ಬಿಡಿಸ್ತಿದ್ಲು. ಪಾಪ, ಅದು ಬಂದಿದ್ದೇ ಇವತ್ತು, ಬೇರೆಯವರ ಥರ ಇರು ಅಂದ್ರೆ ಅದೇನು ಮಾಡತ್ತೆ?"

ಪಕ್ಕದಂಗಡಿಯ ಜೆರಾಕ್ಸ್ ಮಷೀನು ಗುರ್ರೆಂದು ಸುಮ್ಮನಾಯಿತು.

ಹುಡುಗಿಯೇ ಬಿಳಿ ಟೇಪಿನ ಉರುಳೆ ತಂದಳು, ಒಂದು ತುಂಡು ಹಲ್ಲಿನಲ್ಲಿ ಕಚ್ಚಿ ಹರಿದಳು, ಪೆನ್ನು ಅವಳ ಕೈಗೆ ಕೊಟ್ಟಳು. "ನೀವು ಬರೀರಿ."

"ನನ್ನ ಅಕ್ಷರ ಕಾಗೆ ಕಾಲು."

"ಮಷೀನೇನು ಮಾರ್ಕ್ಸ್ ಕೊಡಲ್ಲ."

ಬರೆದಳು. ಅಂಟಿಸುವಾಗ ಕೈ ಹಿಂದೆಗೆಯಿತು. "ಆಕೆಯ ಅಕ್ಷರ ಮುಚ್ಚಿಹೋಗತ್ತಲ್ಲೇ."

"ಕೆಳಗೆ ಇರತ್ತೆ. ಎಲ್ಲಿ ಹೋಗತ್ತೆ?" ಎಂದು ಹುಡುಗಿ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಹೊಸಬಳು ಪರದೆಯ ಹಳೆಯ ನಂಬರು ಅಳಿಸಿ ಹೊಸದು ಹಾಕಿದಳು. ಮಷೀನು ಹೊರಟಿತು. ಹೊಸ ಹೆಡ್ಡಿನ ಸದ್ದು ಹಳೆಯದರಂತಿರಲಿಲ್ಲ, ಒಂದು ಎಳೆ ತೆಳುವಾಗಿತ್ತು. ಇಬ್ಬರೂ ಪಕ್ಕದಲ್ಲಿ ನಿಂತು ನೋಡಿದರು. ಕೂದಲು ಬಂತು. ಹಣೆ ಬಂತು, ಒಂದು ಗೆರೆಯೂ ಇಲ್ಲದೆ. ಕಣ್ಣಂಚಿನ ಸುಕ್ಕುಗಳು ಒಂದೊಂದಾಗಿ ಇಳಿದವು. ಎಡಗೆನ್ನೆಗೆ ಬಂದಾಗ ಹುಡುಗಿ ಮುಂದೆ ಬಗ್ಗಿದಳು. ನೀಲಿ ಕಲೆ ಈಗ ತಾನೇ ಯಾರೋ ಬೆರಳೊತ್ತಿ ಹೋದಷ್ಟು ಸ್ಪಷ್ಟವಾಗಿ ಬಂದು ಕೂತಿತು.

ಬೋರ್ಡು ಹೊರಲು ಬಂದ ಗಂಡ ಬಾಗಿಲಲ್ಲೇ ನಿಂತು, ಮಷೀನಿನಿಂದ ಇಳಿಯುತ್ತಿದ್ದ ಮುಖವನ್ನೂ ಅದರ ಮುಂದಿನ ಇಬ್ಬರನ್ನೂ ನೋಡಿದ. ಏನೋ ಹೇಳಲು ಹೋಗಿ, "ಕರೆಂಟ್ ಇದೆಯಾ?" ಎಂದ.

"ಇಲ್ದೆ ಮಷೀನು ನಿಮ್ಮ ಮುಖ ನೋಡಿ ಓಡ್ತಿದೆಯಾ?" ಎಂದಳು ಹೊಸಬಳು. ಹುಡುಗಿ ಗೊಳ್ಳೆಂದು ನಕ್ಕಳು, ಫೋಟೋದಲ್ಲಿದ್ದವಳ ಹಾಗೇ, ಬಾಯಿ ತುಂಬ.

ವಿನೈಲು ಒಣಗಿತು. ಅದನ್ನು ಬೋರ್ಡಿಗೆ ಅಂಟಿಸಲು ಎರಡೂ ತುದಿಗೆ ಜನ ಬೇಕು, ಗುಳ್ಳೆ ಏಳದಂತೆ ಎಳೆದು ಹಿಡಿಯಬೇಕು. ಅಪ್ಪ ಕೈ ಚಾಚಿದರೆ ಹುಡುಗಿ ತಡೆದಳು. "ನಿನ್ನ ಕೈ ನಡುಗತ್ತೆ, ಬೇಡಪ್ಪ." ಒಂದು ತುದಿ ತಾನು ಎತ್ತಿಕೊಂಡು, ಕಣ್ಣು ವಿನೈಲಿನ ಮೇಲೇ ಇಟ್ಟು ಹೇಳಿದಳು:

"ಚಿಕ್ಕಮ್ಮ, ಆ ಕಡೆ ಹಿಡ್ಕೊಳ್ಳಿ. ಗಟ್ಟಿಯಾಗಿ."