ವಾಮನರಾವ್ ಮಾಸ್ತರರ ಹಳದಿ ವಾರ

ವಾಮನರಾವ್ ಮಾಸ್ತರು ಸಿಟ್ಟಿಗೆದ್ದು ಹೊಡೆದದ್ದನ್ನು ನಾನು ನೋಡಿಲ್ಲ. ಕೋಟಿನ ತೋಳು ಮೇಲೆ ಸರಿಸಿ, ಬೆತ್ತವನ್ನು ಒಮ್ಮೆ ಧೋತರದ ಚುಂಗಿನಿಂದ ಒರೆಸಿ, ನಗುತ್ತಲೇ ಕೇಳುತ್ತಿದ್ದರು: "ಯಾವ ಕೈಗೆ ಬೇಕು? ಇಂಗ್ಲಿಷ್‌ನ್ಯಾಗ ಹೇಳು." 'ಲೆಫ್ಟ್' ಅನ್ನಲು ಹೋಗಿ 'ಲೆಪ್ಟ' ಅಂದವನಿಗೆ ಎರಡೂ ಕೈಗೆ ಬೀಳುತ್ತಿತ್ತು.

ಆಗಿನ್ನೂ ನಮ್ಮದು ಮುಂಬೈ ಸರಕಾರ. ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಎಂಟನೇ ಇಯತ್ತೆಯಲ್ಲಿ. ನನ್ನ ಅಪ್ಪ ನಮ್ಮೂರು ಪುರ್ತಗೇರಿಯ ಕನ್ನಡ ಸಾಲಿಯ ಮಾಸ್ತರ. ಅದಕ್ಕೇ ಹುಡುಗಿಯಾದರೂ ನನಗೆ ಗಜೇಂದ್ರಗಡದ ತನಕ ಓದಲು ಹೋಗುವ ಭಾಗ್ಯ ಸಿಕ್ಕಿತ್ತು. ಜೊತೆಗೆ ನಮ್ಮ ಓಣಿಯ ಕಲ್ಲಪ್ಪ ಇರುತ್ತಿದ್ದ. ಲೆಕ್ಕದಲ್ಲಿ ಚುರುಕು, ಇಂಗ್ಲಿಷ್ ಅಂದರೆ ನಾಲಿಗೆ ಕಟ್ಟುವ ಹುಡುಗ.

ಮಾಸ್ತರು ಕಲಿಸುತ್ತಿದ್ದ ರೀತಿ ಮಾತ್ರ ಅಪರೂಪದ್ದು. ವಾರಕ್ಕೊಂದು ಶಬ್ದ. "ಶಬ್ದ ಬಾಯಾಗ ಇಟ್ಕೊಂಡ್ರ ಉಗುಳಿ ಹೋಗ್ತದ. ಕೈಯಾಗ ಹಿಡೀರಿ" ಅನ್ನುತ್ತಿದ್ದರು. 'ಬಿಟರ್' ಕಲಿಸಿದ ದಿನ ಇಡೀ ವರ್ಗಕ್ಕೆ ಬೇವಿನೆಲೆ ಅಗಿಸಿದ್ದರು. ಇವತ್ತಿಗೂ ಆ ಶಬ್ದ ಓದಿದರೆ ನನ್ನ ಗಂಟಲು ಕಹಿಯಾಗುತ್ತದೆ.

ದೀಪಾವಳಿ ಮುಗಿದ ಮೇಲೆ 'ಯಲ್ಲೋ' ಬಂತು. ಹಳದಿ ಇದ್ದದ್ದೇನಾದರೂ ತರಬೇಕೆಂದು ಅಪ್ಪಣೆಯಾಯಿತು. ಟೇಬಲ್ಲಿನ ಮೇಲೆ ಗುರೆಳ್ಳಿನ ಹೂ, ತೊಗರಿ ಹೂ, ತಂಗಡಿ ಹೂವಿನ ಗೊಂಚಲು, ಅರಿಷಿಣದ ಕೊಂಬು ಬಂದು ಬಿದ್ದವು. ಒಬ್ಬ ಬೆಂಕಿಪೆಟ್ಟಿಗೆಯಲ್ಲಿ ಜೀವಂತ ಕಣಜ ತಂದಿದ್ದ. ಮಾಸ್ತರರಿಗೆ ಹಿಗ್ಗೋ ಹಿಗ್ಗು. "ಅಮೇರಿಕಾದಾಗ ಇಂಥದಕ್ಕ ಯಲ್ಲೋ ಜಾಕೆಟ್ ಅಂತಾರ. ಹಳದಿ ಅಂಗಿ ತೊಟ್ಟದ ನೋಡ್ರಿ!" ಅರಿಷಿಣದ್ದೊಂದು ಹಳದಿ, ಲಿಂಬಿಯದೊಂದು ಹಳದಿ, ಸಾಸಿವೆಯದೊಂದು ಅಂತ ಒಂದೊಂದಕ್ಕೂ ಇಂಗ್ಲಿಷ್ ಹೆಸರು ಹೇಳುತ್ತ ಹೋದರು. ನಾನು ಬಾಯಿ ತೆರೆದು ಕೇಳುತ್ತಿದ್ದೆ.

ಕಲ್ಲಪ್ಪ ಬರಿಗೈಲಿ ಬಂದಿದ್ದ. ನಾಲ್ಕು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಮಾಸ್ತರು ಎಬ್ಬಿಸಿದಾಗ ಬೆಂಚು ಹಿಡಿದುಕೊಂಡು ನಿಂತ. ಅವರು ಹತ್ತಿರ ಬಂದು ಬೆತ್ತದ ತುದಿಯಿಂದ ಅವನ ಗದ್ದ ಎತ್ತಿದರು.

"ಅರೆ! ಈತ ಕಣ್ಣಾಗ ತಂದಾನಲ್ಲೋ!"

ವರ್ಗವೆಲ್ಲ ನಕ್ಕಿತು. ಅವನನ್ನು ಹೂಗಳ ಪಕ್ಕಕ್ಕೆ ನಿಲ್ಲಿಸಿ ನಮ್ಮಿಂದ ಒಕ್ಕೊರಲಿನಲ್ಲಿ ಹೇಳಿಸಿದರು: "ಹಿಜ್ ಆಯ್ಜ್ ಆರ್ ಯಲ್ಲೋ."

"ಮನಿಗೆ ಹೋಗ್ತೇನ್ರಿ ಸರ್. ನಿಂದ್ರಾಕ ಆಗವಲ್ದು" ಅಂದ ಕಲ್ಲಪ್ಪ.

"ಇಂಗ್ಲಿಷ್‌ನ್ಯಾಗ ಕೇಳು, ಬಿಡ್ತೀನಿ."

ಅವನು 'ಸರ್' ಅಂದು ಅಲ್ಲಿಗೇ ನಿಲ್ಲಿಸಿದ. "ನೋಡ್ರಿ, ಯಲ್ಲೋ ಅಂದ್ರ ಅಂಜುಬುರುಕ ಅಂತನೂ ಅರ್ಥ ಅದ" ಎಂದು ಮಾಸ್ತರು ಅದನ್ನೂ ಬೋರ್ಡಿನ ಮೇಲೆ ಬರೆದರು. ಗಂಟೆ ಬಾರಿಸುವ ತನಕ ಅವನು ಅಲ್ಲೇ ನಿಂತಿದ್ದ.

ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಕೂತು ಕೂತು ಎದ್ದ. "ಹೆಂಗ ಕೇಳ್ಬೇಕಿತ್ತ ಅಕ್ಕಾ?" ಅಂದ. ಹೇಳಿಕೊಟ್ಟೆ. "ಮೇ ಆಯ್ ಗೋ ಹೋಮ್, ಸರ್." ಬಾಯಿಪಾಠ ಮಾಡುತ್ತಲೇ ಊರು ಮುಟ್ಟಿದ.

ಅದು ಕಾಮಣಿ ಬ್ಯಾನಿ, ಕಾಮಾಲೆ. ಎಲೆಯ ರಸ ಕುಡಿಸಿದರು, ರಟ್ಟೆಗೆ ಬರೆ ಹಾಕಿಸಿದರು. ರೋಣದ ದವಾಖಾನಿಗೆ ಗಾಡಿ ಕಟ್ಟುವ ಹೊತ್ತಿಗೆ ಕಲ್ಲಪ್ಪನಿಗೆ ಎಚ್ಚರವೇ ಇರಲಿಲ್ಲ. ಅದೇ ಗಾಡಿಯಲ್ಲಿ ಹೆಣ ತಿರುಗಿ ಬಂತು.

ಹೆಡ್ ಮಾಸ್ತರು ಹೇಳಿದ್ದಕ್ಕೆ ವಾಮನರಾವ್ ಮಾಸ್ತರು ಕಲ್ಲಪ್ಪನ ಮನೆಯವರನ್ನು ಮಾತಾಡಿಸಲು ನಮ್ಮೂರಿಗೆ ಬಂದರು. ಅಪ್ಪನೂ ನಾನೂ ಅವರ ಜೊತೆ ಹೋದೆವು. ಕಲ್ಲಪ್ಪನ ಅವ್ವ ಕಂಬಳಿ ಹಾಸಿ, ಚರಿಗೆಯಲ್ಲಿ ನೀರು ತಂದಿಟ್ಟಳು.

"ಜ್ವರದಾಗ 'ಮೇಯ್‌ಗೋ, ಮೇಯ್‌ಗೋ' ಅಂತಿದ್ದ್ರಿ. ಮೇಯಾಕ ಹೋದ ಆಕಳಾ ಕರೀತಾನೇನೋ ಅನ್ಕೊಂಡ್ನಿ. ಏನ್ರಿ ಅದು?"

"ಇಂಗ್ಲಿಷ್ ಅದ, ತಾಯಿ. ಮನಿಗೆ ಹೋಗಾಕ ರಜಾ ಕೇಳ್ಯಾನ" ಅಂದರು ಮಾಸ್ತರು.

"ಕೊಟ್ಟಿದ್ರೇನ್ರಿ ಮತ್ತ?"

ಮಾಸ್ತರು ನೀರು ಮುಟ್ಟದೆ ಛತ್ರಿ ತಗೊಂಡು ಎದ್ದರು. ಮರುವಾರ ವರ್ಗದಲ್ಲಿ ಹೊಸ ಶಬ್ದ ಬಂತು, ಬೆತ್ತವೂ ಬಂತು.

ನಾನು ಮ್ಯಾಟ್ರಿಕ್‌ನಲ್ಲಿ ಇಂಗ್ಲಿಷಿಗೆ ಒಳ್ಳೇ ಮಾರ್ಕು ತಗೊಂಡೆ. ಅದು ಅವರದೇ ಪುಣ್ಯ, ಇಲ್ಲ ಅನ್ನಲಾರೆ. ಅಷ್ಟರಲ್ಲಿ ಅವರಿಗೆ ನರಗುಂದಕ್ಕೆ ವರ್ಗವಾಗಿತ್ತು. ಕೊನೆಗೆ ಕಂಡದ್ದು ಅಲ್ಲಿಯ ಬಸ್ ನಿಲ್ದಾಣದಲ್ಲಿ. ಶಿಕ್ಷಕಿಯ ಟ್ರೇನಿಂಗಿಗೆ ಹೊರಟಿದ್ದ ನಾನು ಕಾಲಿಗೆ ಬಿದ್ದೆ. ಬಹಳ ಸಂತೋಷಪಟ್ಟು, ನನ್ನ ಉಚ್ಚಾರ ಪರೀಕ್ಷೆ ಮಾಡಿ, ಬಾಳೆಹಣ್ಣು ಕೊಡಿಸಿದರು.

"ನಿಮ್ಮೂರಿನ ಇನ್ನೊಬ್ಬ ಹುಡುಗ ಬರ್ತಿದ್ದನಲ್ಲ, ಏನವನ ಹೆಸರು?"

"ಕಲ್ಲಪ್ಪರೀ ಸರ್."

"ಹಾಂ, ಕಲ್ಲಪ್ಪ." ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಈಗೇನ್ ಮಾಡ್ತಾನ?"

ಬಸ್ಸು ಬಂತು. ಅವರೇ ನನ್ನ ಟ್ರಂಕು ಎತ್ತಿ ಕೊಟ್ಟು, ಕಿಟಕಿಯ ಕೆಳಗೆ ನಿಂತು ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.