ದೇವರ ಕಪಾಟಿನಲ್ಲಿ ಸಿಕ್ಕಿಬಿದ್ದ ಆಟ

ಬೆಳಗಿನ ಆರು ಗಂಟೆ. ಸಿಂಗಾಪುರದ ಆಂಗ್ ಮೋ ಕಿಯೋ ಕೈಗಾರಿಕಾ ಪ್ರದೇಶದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಐದನೇ ಮಹಡಿಯ ಆಫೀಸಿನಲ್ಲಿ ನವ್ಯಶ್ರೀ ಕೋಪಿ ಎನ್ನುವ ಇಲ್ಲಿನ ಕಾಫಿ ಹೀರುತ್ತ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಿದ್ದಾರೆ, ಎಂದಿನಂತೆ ಸೋಲುತ್ತಿದ್ದಾರೆ. ಸೋಲಿಗೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಗೋಡೆಯ ಮರೆಗೆ ಸರಿದ ಮೇಲೂ ಗುಂಡು ತಗುಲಿತೇ ಎಂಬುದಷ್ಟೇ ಅವರಿಗೆ ಬೇಕು. ತಗುಲಿದರೆ ಆ ಇಂಟರ್‌ನೆಟ್ ದಾರಿಯಲ್ಲಿ ಲ್ಯಾಗ್, ಅಂದರೆ ವಿಳಂಬ, ಇದೆ ಎಂದು ಅರ್ಥ, ತಕ್ಷಣ ಆಟಗಾರರನ್ನು ಬೇರೆ ದಾರಿಗೆ ತಿರುಗಿಸುತ್ತಾರೆ.

ಕಾರ್ಕಳದ ಈ ಹೆಣ್ಣುಮಗಳು ಆಟಗಾರರ ಇಂಟರ್‌ನೆಟ್ಟನ್ನು ಬೇರೆ ದಾರಿಯಿಂದ ಕಳಿಸುವ ವಿಪಿಎನ್ ಸೇವೆಯ ಸಣ್ಣ ಕಂಪನಿಯೊಂದರ ಎಂಜಿನಿಯರ್. ತಮ್ಮ ಮಗಳು ಕೈಗೂಸಾಗಿದ್ದಾಗಲೂ ಪಾಳಿ ತಪ್ಪಿಸಿದವರಲ್ಲ. ದಿನಕ್ಕೆ ನಲವತ್ತು ದೂರು ಬರುತ್ತವೆ, ಎಲ್ಲರದೂ ಒಂದೇ ಪ್ರಶ್ನೆ: ವಿಪಿಎನ್ ಹಾಕಿದರೆ ಲ್ಯಾಗ್ ಹೋಗುತ್ತದೆಯೇ?

“ಇಂಟರ್‌ನೆಟ್‌ನೋರು ಸುತ್ತಿಬಳಸಿ ಕಳಿಸ್ತಿದ್ರೆ ಖಂಡಿತ ಹೆಲ್ಪ್ ಆಗುತ್ತೆ. ದಾರಿ ನೆಟ್ಟಗಿದ್ರೆ ನಾವೇ ಒಂದು ಸುತ್ತು ಜಾಸ್ತಿ ಹಾಕಿಸಿದ ಹಾಗೆ,” ಎನ್ನುತ್ತಾರೆ. ಬೇಡದವರಿಗೆ ಬೇಡವೆಂದೇ ಹೇಳುವ ಈ ಚಾಳಿ ಮ್ಯಾನೇಜರ್ ವಿಶ್ವಜಿತ್‌ಗೆ ನುಂಗಲಾರದ ತುತ್ತು. ಅಂಗಡಿ ತೆರೆದು ಗಿರಾಕಿಯನ್ನು ಬಾಗಿಲಿಂದಲೇ ಕಳಿಸುವುದೇ ಎಂದು ರೇಗಿಸುತ್ತಲೇ ಇರುತ್ತಾರೆ.

ಏಳಕ್ಕೆ ಫೋನ್. ಪಾಸಿರ್ ರಿಸ್‌ನ ನಿಶ್ಚಿತಾ, ಪಾಲಿಟೆಕ್ನಿಕ್ ವಿದ್ಯಾರ್ಥಿನಿ. ಒಂಬತ್ತಕ್ಕೆ ಅವಳ ತಂಡಕ್ಕೆ ಆನ್‌ಲೈನ್ ಆಟದ ಅರ್ಹತಾ ಪಂದ್ಯ. ಹೋದ ವರ್ಷ ಇದೇ ಪಂದ್ಯದ ನಡುವೆ ಪರದೆ ನಿಂತುಹೋಗಿ ಸೋತಿದ್ದಳು. ಲ್ಯಾಗ್ ಆಯಿತು ಎಂದರೆ ಗೆಳತಿಯರು ನೆಪ ಎಂದು ನಕ್ಕಿದ್ದರು. ತಾನು ನಿಜಕ್ಕೂ ಚೆನ್ನಾಗಿ ಆಡುತ್ತೇನೋ ಇಲ್ಲವೋ, ಅದು ಅವಳಿಗೇ ಇನ್ನೂ ಗೊತ್ತಿಲ್ಲ. ನಿನ್ನೆ ವಿಪಿಎನ್ ಹಾಕಿ ಅದರಲ್ಲಿ ಟೋಕಿಯೋ ದಾರಿ ಆರಿಸಿದ್ದಾಳೆ, ಲ್ಯಾಗ್ ಇನ್ನಷ್ಟು ಹೆಚ್ಚಿದೆ.

ನವ್ಯಶ್ರೀ ಮೊದಲು ಅದನ್ನು ಆಫ್ ಮಾಡಿಸುತ್ತಾರೆ. ಆಟದ ಸರ್ವರ್ ಸಿಂಗಾಪುರದಲ್ಲೇ ಇದೆ, ಪರೀಕ್ಷಿಸಿದರೆ ಹೊರಗಿನ ದಾರಿ ಚೊಕ್ಕವಾಗಿದೆ. ತೊಡಕಿರುವುದು ಮನೆಯೊಳಗೆ. ರೌಟರ್ ಎಲ್ಲಿದೆ ಎಂದು ಕೇಳಿದರೆ ಹುಡುಗಿ ಫೋನನ್ನು ಅಮ್ಮ ಕಾಮಾಕ್ಷಿಯ ಕೈಗೆ ಕೊಡುತ್ತಾಳೆ.

“ದೇವರ ಕಪಾಟಲ್ಲಿ ಕಣಮ್ಮ. ನೆಟ್‌ನ ಫೈಬರ್ ಪಾಯಿಂಟ್ ಆ ಕಪಾಟಲ್ಲೇ ಬಂದಿತ್ತು, ಪೂರ್ವ ದಿಕ್ಕು ಬೇರೆ, ದೇವರನ್ನೂ ಅಲ್ಲೇ ಇಟ್ಟೆ. ಪೂಜೆ ಮುಗಿಸಿ ಬಾಗಿಲು ಹಾಕ್ಬಿಡ್ತೀನಿ.”

ನವ್ಯಶ್ರೀಗೆ ನಗು ತಡೆಯಲಾಗುವುದಿಲ್ಲ. ಮುಂದೆ ಹಿತ್ತಾಳೆ ದೀಪ, ಬೆಳ್ಳಿ ತಗಡಿನ ಮಂಟಪ, ಸಾಲದ್ದಕ್ಕೆ ಮುಚ್ಚಿದ ಬಾಗಿಲು. ವೈಫೈ ಹೊರಗೆ ಬರುವುದಾದರೂ ಹೇಗೆ? “ನಮ್ಮನೇಲೂ ಇದೇ ಕಥೆ ಆಂಟಿ. ಎಂಜಿನಿಯರ್ ಆಗಿದ್ದೂ ಒಂದು ವರ್ಷ ಗಣಪತಿ ಹಿಂದೆ ಇಟ್ಕೊಂಡು, ನೆಟ್ ಸರಿಯಿಲ್ಲ ಅಂತ ಗಂಡನ್ನ ಬೈತಿದ್ದೆ,” ಎಂದು ಒಪ್ಪಿಕೊಳ್ಳುತ್ತಾರೆ.

ರೌಟರಿಂದ ಮಗಳ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಹಾಕಿ ಎಂದರೆ, ಪೂಜೆಯ ಜಾಗದಲ್ಲಿ ವೈರು ಎಳೆಯಲು ಕಾಮಾಕ್ಷಿಗೆ ಮನಸ್ಸಿಲ್ಲ. ಆಯುಧಪೂಜೆಗೆ ಕಾರು, ಕಂಪ್ಯೂಟರಿಗೆಲ್ಲ ಬೊಟ್ಟಿಡುವುದಿಲ್ಲವೇ, ಇದೂ ಮಗಳ ಆಯುಧವೇ ಎಂದು ನವ್ಯಶ್ರೀ ಸಮಾಧಾನದಿಂದ ತಿಳಿಹೇಳುತ್ತಾರೆ. ಕೊನೆಗೆ ಕಾಮಾಕ್ಷಿ ರೌಟರಿಗೆ ಕುಂಕುಮವಿಟ್ಟು, ದೀಪವನ್ನು ಪಕ್ಕಕ್ಕೆ ಸರಿಸಿ, ಕೇಬಲನ್ನು ಮಗಳ ಕೋಣೆಯವರೆಗೆ ತಾವೇ ಎಳೆಯುತ್ತಾರೆ.

ರಾತ್ರಿ ಪಾಳಿ ಮುಗಿದರೂ ನವ್ಯಶ್ರೀ ಟ್ಯಾಂಪಿನೀಸ್‌ನ ಮನೆಗೆ ಹೊರಡುವುದಿಲ್ಲ. ಹತ್ತೂವರೆಗೆ ಫೋನ್ ಬರುತ್ತದೆ. ನಿಶ್ಚಿತಾಳ ತಂಡ ಸೋತಿದೆ. ಲ್ಯಾಗ್ ಇತ್ತೇ ಎಂದು ಕೇಳುವಾಗ ನವ್ಯಶ್ರೀಯ ದನಿ ಸಣ್ಣದಾಗುತ್ತದೆ. ಹುಡುಗಿ ಸಿಂಗಾಪುರದ ಧಾಟಿಯಲ್ಲೇ ಉತ್ತರಿಸುತ್ತಾಳೆ.

“ನೋ ಲ್ಯಾಗ್ ಲಾ, ಆಂಟಿ. ಆ ಟೀಮ್ ನಮಗಿಂತ ಚೆನ್ನಾಗಿ ಆಡ್ತು, ಅಷ್ಟೇ. ಆದ್ರೆ ಲಾಸ್ಟ್ ರೌಂಡ್‌ವರೆಗೂ ಬಿಟ್ಕೊಡ್ಲಿಲ್ಲ ನಾವು. ನೆಕ್ಸ್ಟ್ ಇಯರ್ ಹೊಡೀತೀನಿ.”

ಇನ್ನೊಂದು ಗಿರಾಕಿ ಹೋಯಿತು ಎಂದು ವಿಶ್ವಜಿತ್ ಆಚೆ ಮೇಜಿನಿಂದ ನಗುತ್ತಾರೆ. ನವ್ಯಶ್ರೀ ಬ್ಯಾಗ್ ಹೆಗಲಿಗೇರಿಸುತ್ತಾರೆ. ಮುಖದಲ್ಲಿ ದಣಿವಿದೆ, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿದೆ.

“ಗೆದ್ದೋರು ನನ್ನ ನೆನೆಯೋದು ಬೇಡ,” ಎನ್ನುತ್ತಾರೆ. “ಸೋತೋರು ನೆಟ್‌ನ ಬೈಲಿಲ್ಲ ಅಂದ್ರೆ ಅವತ್ತು ನಾನು ಗೆದ್ದ ಹಾಗೆ.”